ಪೇಲಿಯೊ ಪಥ್ಯ ಮತ್ತು ‘ಕ್ಲೀನ್ ಈಟಿಂಗ್’: ರಾಗಿ, ಹುರುಳಿ, ಮೊಸರಿನ ಮನೆಗೆ ಯಾವುದು ಒಗ್ಗುತ್ತದೆ?

ಒಂದು ಪದಾರ್ಥ ತಿನ್ನಲು ಯೋಗ್ಯವೇ ಎಂದು ತೀರ್ಮಾನಿಸಲು ಪೇಲಿಯೊ ಪಥ್ಯವು ಕೇಳುವ ಪ್ರಶ್ನೆ ಕಾಲಕ್ಕೆ ಸಂಬಂಧಿಸಿದ್ದು: ಬೇಸಾಯ ಆರಂಭವಾಗುವ ಮೊದಲು, ಅಂದರೆ ಸುಮಾರು 10,000 ವರ್ಷಗಳಿಗೂ ಹಿಂದೆ, ಬೇಟೆಯಾಡಿ, ಕಾಡಿನಲ್ಲಿ ಆಯ್ದು ಬದುಕುತ್ತಿದ್ದ ಮನುಷ್ಯನಿಗೆ ಅದು ಸಿಗುತ್ತಿತ್ತೇ? ‘ಕ್ಲೀನ್ ಈಟಿಂಗ್’ ಎಂಬ ಕ್ರಮವು ಕೇಳುವ ಪ್ರಶ್ನೆ ತಯಾರಿಕೆಗೆ ಸಂಬಂಧಿಸಿದ್ದು: ಹೊಲ, ತೋಟ, ಕೊಟ್ಟಿಗೆ, ಕಡಲಿನಿಂದ ಹೊರಟ ಪದಾರ್ಥ ತಟ್ಟೆಗೆ ಬರುವಷ್ಟರಲ್ಲಿ ಕಾರ್ಖಾನೆಯಲ್ಲಿ ಎಷ್ಟು ಬದಲಾಯಿತು? ಎರಡೂ ಕ್ರಮಗಳು ಸಕ್ಕರೆ, ಮೈದಾ, ಪೊಟ್ಟಣದ ಕುರುಕಲು, ತಂಪು ಪಾನೀಯಗಳನ್ನು ಹೊರಗಿಡುವುದರಿಂದ ಮೇಲುನೋಟಕ್ಕೆ ಒಂದೇ ಎನಿಸುತ್ತವೆ. ಅವು ಬೇರೆಯಾಗುವುದು ಧಾನ್ಯ, ಬೇಳೆಕಾಳು ಮತ್ತು ಹಾಲಿನ ವಿಷಯದಲ್ಲಿ; ಪೇಲಿಯೊ ಈ ಮೂರನ್ನೂ ನಿಷೇಧಿಸುತ್ತದೆ, ಕ್ಲೀನ್ ಈಟಿಂಗ್ ಮೂರಕ್ಕೂ ಜಾಗ ಕೊಡುತ್ತದೆ. ಕರ್ನಾಟಕದ ಊಟ ನಿಂತಿರುವುದೇ ಈ ಮೂರರ ಮೇಲೆ ಆದುದರಿಂದ, ಇವೆರಡರ ನಡುವಣ ಆಯ್ಕೆ ಇಲ್ಲಿನ ಓದುಗರಿಗೆ ಕೇವಲ ಅಭಿರುಚಿಯ ಪ್ರಶ್ನೆಯಾಗಿ ಉಳಿಯುವುದಿಲ್ಲ.

ಇಂಥ ಪಥ್ಯಗಳತ್ತ ಜನ ತಿರುಗುತ್ತಿರುವುದಕ್ಕೆ ಗಟ್ಟಿಯಾದ ಕಾರಣವಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಮಂದಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಮಂದಿ ಅದರ ಹೊಸ್ತಿಲಲ್ಲಿದ್ದಾರೆ. ಅದೇ ಸಮೀಕ್ಷೆಯ ಮುಂದುವರಿದ ವರದಿಯು ಭಾರತೀಯರ ದೈನಿಕ ಶಕ್ತಿಯಲ್ಲಿ ಸುಮಾರು ಶೇ. 62ರಷ್ಟು ಪಾಲು ಪಿಷ್ಟ ಮತ್ತು ಸಕ್ಕರೆಯನ್ನೊಳಗೊಂಡ ಶರ್ಕರಪಿಷ್ಟಗಳಿಂದಲೇ ಬರುತ್ತದೆ ಎಂದು ತೋರಿಸಿದೆ. ತಟ್ಟೆಯ ಬಹುಭಾಗವನ್ನು ಬಿಳಿ ಅನ್ನವೇ ತುಂಬುವ ಮನೆಗಳಲ್ಲಿ ‘ಧಾನ್ಯವನ್ನೇ ಬಿಟ್ಟುಬಿಡಿ’ ಎಂಬ ಸಲಹೆ ಕಿವಿಗೆ ಬಿದ್ದೊಡನೆ ಮನಸ್ಸಿಗೆ ಹಿಡಿಸುವುದು ಸಹಜವೇ. ಆದರೆ ಧಾನ್ಯ ಅತಿಯಾಯಿತು ಎನ್ನುವುದು ಒಂದು ಮಾತು, ಧಾನ್ಯವೇ ಮನುಷ್ಯನ ದೇಹಕ್ಕೆ ಅನ್ಯ ಎನ್ನುವುದು ಮತ್ತೊಂದು ಮಾತು. ಪೇಲಿಯೊ ಪಥ್ಯವು ಮೊದಲನೆಯದರ ಬಲದ ಮೇಲೆ ಎರಡನೆಯದನ್ನು ನಂಬಿಸುತ್ತದೆ.

ಶಿಲಾಯುಗದ ವಾದ

‘ಪೇಲಿಯೊ’ ಎಂಬುದು ಪ್ರಾಚೀನ ಶಿಲಾಯುಗವನ್ನು ಸೂಚಿಸುವ ‘ಪೇಲಿಯೊಲಿಥಿಕ್’ ಪದದ ಮೊಟಕು ರೂಪ. ಕಲ್ಲಿನ ಆಯುಧಗಳ ತಯಾರಿಕೆಯಿಂದ ಆರಂಭವಾಗಿ ಬೇಸಾಯದ ಉದಯದವರೆಗೆ, ಇಪ್ಪತ್ತೈದು ಲಕ್ಷಕ್ಕೂ ಹೆಚ್ಚು ವರ್ಷ ಹಬ್ಬಿದ ಈ ಯುಗದ ಆಹಾರವನ್ನು ಇಂದಿನ ಕಾಯಿಲೆಗಳಿಗೆ ಮದ್ದಾಗಿ ಸೂಚಿಸಿದವರಲ್ಲಿ ಮೊದಲಿಗರು ಅಮೆರಿಕದ ಜಠರರೋಗ ತಜ್ಞ ವಾಲ್ಟರ್ ವೋಗ್ಟ್‌ಲಿನ್. ಅವರ ಪುಸ್ತಕ 1975ರಲ್ಲಿ ಹೊರಬಂದಿತು. ಈ ವಿಚಾರಕ್ಕೆ ವೈದ್ಯಕೀಯ ವಲಯದಲ್ಲಿ ಗೌರವ ದೊರೆತದ್ದು 1985ರಲ್ಲಿ, ವೈದ್ಯ ಬಾಯ್ಡ್ ಈಟನ್ ಮತ್ತು ಮಾನವಶಾಸ್ತ್ರಜ್ಞ ಮೆಲ್ವಿನ್ ಕಾನರ್ ಅವರ ಲೇಖನ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಪ್ರಕಟವಾದಾಗ. ಜನಸಾಮಾನ್ಯರ ಕೈಗೆ ಅದನ್ನು ಪಥ್ಯದ ರೂಪದಲ್ಲಿ ತಲುಪಿಸಿದ್ದು ಕೊಲರಾಡೊ ಸ್ಟೇಟ್ ವಿಶ್ವವಿದ್ಯಾಲಯದ ಲೊರೆನ್ ಕಾರ್ಡೇನ್ ಅವರ 2002ರ ಪುಸ್ತಕ.

ವಾದದ ಸಾರ ಸರಳವಾಗಿದೆ. ಮನುಷ್ಯನ ಜೀನುಗಳು, ಅಂದರೆ ತಲೆಮಾರಿನಿಂದ ತಲೆಮಾರಿಗೆ ಸಾಗುವ ಆನುವಂಶಿಕ ಘಟಕಗಳು, ಲಕ್ಷಾಂತರ ವರ್ಷಗಳ ಬೇಟೆ ಮತ್ತು ಸಂಗ್ರಹದ ಬದುಕಿಗೆ ಹೊಂದಿಕೊಂಡು ರೂಪುಗೊಂಡವು. ಬೇಸಾಯ ಬಂದದ್ದು ಅದಕ್ಕೆ ಹೋಲಿಸಿದರೆ ನಿನ್ನೆ ಮೊನ್ನೆ. ಆದ್ದರಿಂದ ಗೋದಿ, ಅಕ್ಕಿ, ಬೇಳೆ, ಹಾಲು ಇವುಗಳಿಗೆ ದೇಹ ಇನ್ನೂ ಒಗ್ಗಿಲ್ಲ, ಆ ಒಗ್ಗದಿರುವಿಕೆಯೇ ಮಧುಮೇಹ, ಬೊಜ್ಜು, ಹೃದ್ರೋಗಗಳಾಗಿ ಕಾಣಿಸಿಕೊಳ್ಳುತ್ತಿದೆ. ಈ ತರ್ಕದಂತೆ ಮಾಂಸ, ಮೀನು, ಮೊಟ್ಟೆ, ತರಕಾರಿ, ಹಣ್ಣು, ಬಾದಾಮಿ ಜಾತಿಯ ಬೀಜಗಳು ಗ್ರಾಹ್ಯ. ಧಾನ್ಯ, ಬೇಳೆಕಾಳು, ಹಾಲಿನ ಪದಾರ್ಥ, ಸಕ್ಕರೆ, ಮೇಲುಪ್ಪು, ಸಂಸ್ಕರಿಸಿದ ಎಣ್ಣೆ ತ್ಯಾಜ್ಯ. ಶೇಂಗಾ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಬೇಳೆಕಾಳಿನ ಕುಲಕ್ಕೆ ಸೇರಿದ್ದರಿಂದ ಅದಕ್ಕೂ ಪ್ರವೇಶವಿಲ್ಲ. ನೆರೆಯ ತಮಿಳುನಾಡಿನಲ್ಲಿ ಜನಪ್ರಿಯವಾದ ರೂಪವು ಮೂಲದಿಂದ ಬಹಳ ದೂರ ಸರಿದಿದೆ: ಅಲ್ಲಿ ತುಪ್ಪ ಮತ್ತು ಪನೀರಿಗೆ ಅನುಮತಿಯಿದೆ, ಬೆಳಗಿನ ಉಪಾಹಾರಕ್ಕೆ ನೂರು ಬಾದಾಮಿ ತಿನ್ನುವ ಪದ್ಧತಿಯೂ ಬಂದಿದೆ. ನೂರು ಬಾದಾಮಿ ಎಂದರೆ ಸುಮಾರು 120 ಗ್ರಾಂ, 700 ಕಿಲೋ ಕ್ಯಾಲೊರಿ. ಈ ರೂಪವು ಶಿಲಾಯುಗದ ಪಥ್ಯಕ್ಕಿಂತ ಶರ್ಕರಪಿಷ್ಟವನ್ನು ತೀರ ಕಡಿಮೆ ಮಾಡಿ ಕೊಬ್ಬನ್ನು ಹೆಚ್ಚಿಸುವ ‘ಕೀಟೊ’ ಪಥ್ಯಕ್ಕೆ ಹತ್ತಿರ. ಮೂಲ ಪಥ್ಯವನ್ನೂ ಈ ರೂಪವನ್ನೂ ಒಂದೇ ಹೆಸರಿನಿಂದ ಕರೆಯುವುದರಿಂದ, ಒಂದರ ಮೇಲೆ ನಡೆದ ಪರೀಕ್ಷೆಯ ಫಲವನ್ನು ಇನ್ನೊಂದಕ್ಕೆ ಅಂಟಿಸುವ ತಪ್ಪು ನಡೆಯುತ್ತಿದೆ.

ಈ ವಾದದ ಚರಿತ್ರೆಯ ಭಾಗವು ಉತ್ಖನನಗಳ ಮುಂದೆ ನಿಲ್ಲುವುದಿಲ್ಲ. ಮೊಜಾಂಬಿಕ್‌ನ ಗುಹೆಯೊಂದರಲ್ಲಿ ಸಿಕ್ಕ, ಸುಮಾರು ಒಂದು ಲಕ್ಷ ವರ್ಷ ಹಳೆಯ ಕಲ್ಲಿನ ಉಪಕರಣಗಳ ಮೇಲೆ ಕಾಡುಜೋಳದ ಪಿಷ್ಟದ ಕಣಗಳು ಕಂಡಿವೆ ಎಂದು 2009ರಲ್ಲಿ ವರದಿಯಾಯಿತು. ಇಟಲಿಯ ಬಿಲಾಂಚಿನೊ ಎಂಬಲ್ಲಿ ದೊರೆತ ಬೀಸುಕಲ್ಲಿಗೆ 30,000 ವರ್ಷಗಳ ವಯಸ್ಸು, ಅದರ ಮೇಲೂ ಜೊಂಡಿನ ಗೆಡ್ಡೆಯ ಹಿಟ್ಟಿನ ಗುರುತು. ಇರಾಕಿನ ಶಾನಿದಾರ್ ಗುಹೆಯ ನಿಯಾಂಡರ್ತಾಲ್ ಮಾನವನ ಹಲ್ಲಿನ ಗಾರೆಯಲ್ಲಿ ಬಾರ್ಲಿ ಜಾತಿಯ ಹುಲ್ಲಿನ ಪಿಷ್ಟ ಸಿಕ್ಕಿದೆ, ಅದರಲ್ಲಿ ಕೆಲವು ಕಣಗಳು ಬೆಂದವು. ಗೆಲಿಲಿ ಸರೋವರದ ದಡದ ಒಹಾಲೊ ನೆಲೆಯಲ್ಲಿ 23,000 ವರ್ಷಗಳ ಹಿಂದಿನ ಜನ ಕಾಡು ಬಾರ್ಲಿ, ಕಾಡು ಗೋದಿಯನ್ನು ಕೂಡಿಟ್ಟಿದ್ದರು. ಹಾಗೆಂದರೆ ಬೇಸಾಯಕ್ಕೆ ಮೊದಲು ಧಾನ್ಯವನ್ನು ಬೆಳೆಯುತ್ತಿರಲಿಲ್ಲ ಎಂಬುದು ನಿಜ, ತಿನ್ನುತ್ತಿರಲಿಲ್ಲ ಎಂಬುದು ನಿಜವಲ್ಲ.

ದೇಹವು ಬೇಸಾಯದ ನಂತರ ಬದಲಾಗಲಿಲ್ಲ ಎಂಬ ಮಾತೂ ಅರ್ಧ ಸತ್ಯ. ಜೊಲ್ಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆಯುತ್ತದೆ; ಹೆಚ್ಚು ಪಿಷ್ಟ ತಿನ್ನುತ್ತ ಬಂದ ಜನಸಮುದಾಯಗಳಲ್ಲಿ ಅದನ್ನು ತಯಾರಿಸುವ ಜೀನಿನ ಪ್ರತಿಗಳು ಸರಾಸರಿಯಲ್ಲಿ ಹೆಚ್ಚಾಗಿರುತ್ತವೆ ಎಂಬುದು 2007ರ ಸಂಶೋಧನೆಯೊಂದರಿಂದ ತಿಳಿದುಬಂದಿದೆ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ದೊಡ್ಡವರಾದ ಮೇಲೂ ಅರಗಿಸಿಕೊಳ್ಳುವ ಶಕ್ತಿಯು ಪಶುಪಾಲನೆಯ ಜೊತೆಜೊತೆಗೆ ಹರಡಿತು. ಭಾರತದಲ್ಲಿ ಅದು ಉತ್ತರ ಮತ್ತು ಪಶ್ಚಿಮದಲ್ಲಿ ಹೆಚ್ಚು, ದಕ್ಷಿಣ ಮತ್ತು ಪೂರ್ವದಲ್ಲಿ ಕಡಿಮೆ. ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವ ಅನೇಕರಿಗೆ ಮೊಸರು, ಮಜ್ಜಿಗೆ ಒಗ್ಗುವುದಕ್ಕೆ ಕಾರಣವಿದೆ: ಹೆಪ್ಪಿನಲ್ಲಿರುವ ಸೂಕ್ಷ್ಮಜೀವಿಗಳು ಆ ಸಕ್ಕರೆಯ ಒಂದು ಭಾಗವನ್ನು ಮೊದಲೇ ಹುಳಿಯಾಗಿಸಿರುತ್ತವೆ.

ಶಿಲಾಯುಗದ ವಿಷಯದಲ್ಲಿ ಕರ್ನಾಟಕವು ಹೊರಗಿನ ಪುಸ್ತಕಗಳನ್ನಷ್ಟೇ ನಂಬಬೇಕಾಗಿಲ್ಲ. ಯಾದಗಿರಿ ಜಿಲ್ಲೆಯ ಹುಣಸಗಿ ಮತ್ತು ಬೈಚಬಾಳ ಕಣಿವೆಗಳಲ್ಲಿ ಪುರಾತತ್ತ್ವಜ್ಞ ಕೆ. ಪದ್ದಯ್ಯ ಅವರು ದಶಕಗಳ ಕಾಲ ನಡೆಸಿದ ಶೋಧದಲ್ಲಿ ಕೈಗೊಡಲಿಗಳನ್ನು ಬಳಸುತ್ತಿದ್ದ ಜನರ ನೂರಾರು ನೆಲೆಗಳು ಬೆಳಕಿಗೆ ಬಂದಿವೆ. ಅವುಗಳಲ್ಲಿ ಇಸಾಂಪುರದ ನೆಲೆಗೆ ಸುಮಾರು 12 ಲಕ್ಷ ವರ್ಷಗಳ ಪ್ರಾಚೀನತೆಯನ್ನು ಹೇಳಲಾಗಿದೆ. ಆ ಜನ ಬೇಸಗೆಯಲ್ಲಿ ನೀರಿರುವ ತಾಣಗಳ ಬಳಿ ಕೂಡಿ, ಮಳೆಗಾಲದಲ್ಲಿ ಕಣಿವೆಯ ತುಂಬ ಚದುರುತ್ತಿದ್ದರೆಂದು, ಋತುವಿಗೆ ತಕ್ಕಂತೆ ಸಿಗುವ ಕಾಡುಹಣ್ಣು, ಸೊಪ್ಪು, ಗೆಡ್ಡೆಗಳನ್ನೂ ಬೇಟೆಯನ್ನೂ ಲೆಕ್ಕಕ್ಕೆ ಹಿಡಿದು ಪದ್ದಯ್ಯ ವಿವರಿಸಿದರು. ಒಂದೇ ಕಣಿವೆಯಲ್ಲಿ ಆಹಾರ ಋತುವಿನಿಂದ ಋತುವಿಗೆ ಹೀಗೆ ಬದಲಾಗುತ್ತಿದ್ದರೆ, ಭೂಮಿಯ ಎಲ್ಲ ಭಾಗಗಳಿಗೂ ಸಲ್ಲುವ ‘ಶಿಲಾಯುಗದ ಪಥ್ಯ’ ಒಂದೇ ಇತ್ತೆಂದು ಊಹಿಸುವುದು ಹೇಗೆ? ಇನ್ನು ನವಶಿಲಾಯುಗದತ್ತ ಬಂದರೆ, ಬಳ್ಳಾರಿ ಬಳಿಯ ಸಂಗನಕಲ್ಲು ಮೊದಲಾದ ನೆಲೆಗಳಲ್ಲಿ 4,000 ವರ್ಷಗಳಷ್ಟು ಹಿಂದೆಯೇ ಹುರುಳಿ, ಹೆಸರು, ಕೊರಲೆ, ನವಣೆಯ ಜಾತಿಯ ಕಿರುಧಾನ್ಯಗಳು ಮುಖ್ಯ ಆಹಾರವಾಗಿದ್ದವು ಎಂಬುದಕ್ಕೆ ಸುಟ್ಟ ಕಾಳುಗಳ ಸಾಕ್ಷ್ಯವಿದೆ. ಪೇಲಿಯೊ ಪಟ್ಟಿಯಲ್ಲಿ ಈ ಹುರುಳಿಗೆ ಜಾಗವಿಲ್ಲ. ಆದರೆ ಪೋರ್ಚುಗೀಸರ ಕಾಲದಲ್ಲಿ ದಕ್ಷಿಣ ಅಮೆರಿಕದಿಂದ ಬಂದ ಗೋಡಂಬಿಗೆ, ಅದೇ ಖಂಡದ ಟೊಮೆಟೊಗೆ, ಒಂದೇ ಕಾಡುಗಿಡದಿಂದ ಮನುಷ್ಯ ಆರಿಸಿ ಆರಿಸಿ ರೂಪಿಸಿದ ಎಲೆಕೋಸು, ಹೂಕೋಸು, ನವಿಲುಕೋಸುಗಳಿಗೆ ಸ್ವಾಗತವಿದೆ. ಈ ಪಟ್ಟಿಯನ್ನು ಮಾಡಿದ್ದು ಚರಿತ್ರೆಯಲ್ಲ, ಇಪ್ಪತ್ತನೆಯ ಶತಮಾನದ ಅಮೆರಿಕದ ದಿನಸಿ ಅಂಗಡಿ.

ಪರೀಕ್ಷೆಗಳು ಹೇಳುವುದೇನು

ಚರಿತ್ರೆ ತಪ್ಪಿದ ಮಾತ್ರಕ್ಕೆ ಪಥ್ಯವೂ ನಿಷ್ಫಲ ಎನ್ನಲಾಗದು. ತಪ್ಪು ಕಾರಣ ಕೊಟ್ಟೂ ಸರಿಯಾದ ಊಟ ಬಡಿಸಬಹುದು. ಸ್ವೀಡನ್ನಿನಲ್ಲಿ 2007ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಹೃದ್ರೋಗದ ಜೊತೆಗೆ ರಕ್ತದ ಸಕ್ಕರೆಯ ತೊಂದರೆಯೂ ಇದ್ದ 29 ಪುರುಷರನ್ನು ಎರಡು ಗುಂಪು ಮಾಡಿ 12 ವಾರ ನೋಡಿದಾಗ, ಪೇಲಿಯೊ ಗುಂಪಿನಲ್ಲಿ ಸಕ್ಕರೆಯ ಹತೋಟಿ ಮೆಡಿಟರೇನಿಯನ್ ಮಾದರಿಯ ಗುಂಪಿಗಿಂತ ಹೆಚ್ಚು ಸುಧಾರಿಸಿತು. ಅದೇ ದೇಶದಲ್ಲಿ ಮುಟ್ಟು ನಿಂತ, ಬೊಜ್ಜಿನಿಂದ ಬಳಲುತ್ತಿದ್ದ 70 ಮಹಿಳೆಯರನ್ನು ಎರಡು ವರ್ಷ ಗಮನಿಸಿದ ಮತ್ತೊಂದು ಪರೀಕ್ಷೆಯ ವರದಿ 2014ರಲ್ಲಿ ಬಂತು. ಇದು ಹೆಚ್ಚು ತೂಕವುಳ್ಳ ಸಾಕ್ಷ್ಯ, ಏಕೆಂದರೆ ಪಥ್ಯಗಳ ನಿಜವಾದ ಬಣ್ಣ ಬಯಲಾಗುವುದು ಮೊದಲ ಉತ್ಸಾಹ ಇಳಿದ ಮೇಲೆ. ಆರು ತಿಂಗಳಲ್ಲಿ ಪೇಲಿಯೊ ಗುಂಪಿನವರ ಕೊಬ್ಬು ಎದ್ದು ಕಾಣುವಷ್ಟು ಹೆಚ್ಚು ಇಳಿದಿತ್ತು. ಎರಡು ವರ್ಷ ತುಂಬುವಾಗ ಧಾನ್ಯ, ಹಾಲು ಎಲ್ಲ ಇದ್ದ ಸಾಮಾನ್ಯ ಸಲಹೆಯ ಗುಂಪಿಗೂ ಅವರಿಗೂ ಖಚಿತವಾಗಿ ಹೇಳಬಹುದಾದ ವ್ಯತ್ಯಾಸ ಉಳಿದಿರಲಿಲ್ಲ. ರಕ್ತದ ಕೊಬ್ಬಿನ ಒಂದು ಬಗೆಯಾದ ಟ್ರೈಗ್ಲಿಸರೈಡ್ ಮಾತ್ರ ಪೇಲಿಯೊ ಗುಂಪಿನಲ್ಲಿ ತಗ್ಗಿಯೇ ಇತ್ತು. ಅದೇ ಮಹಿಳೆಯರಲ್ಲಿ ಅಯೋಡಿನ್ ಕೊರತೆಯ ಅಪಾಯವೂ ಕಂಡುಬಂತು. ಅಯೋಡಿನ್ ಬೆರೆಸಿದ ಉಪ್ಪನ್ನೂ ಹಾಲನ್ನೂ ಒಟ್ಟಿಗೆ ಬಿಟ್ಟರೆ ಆಗುವುದು ಇದೇ.

ಈ ಪರೀಕ್ಷೆಗಳೆಲ್ಲ ಚಿಕ್ಕವು, ಬಹುಪಾಲು ಅಲ್ಪಾವಧಿಯವು, ಮಾಂಸ ಮತ್ತು ಮೀನು ತಿನ್ನುವ ಯುರೋಪಿಯನ್ನರ ಮೇಲೆ ನಡೆದವು. ಪೇಲಿಯೊ ಪಥ್ಯ ಹಿಡಿದವರ ತಟ್ಟೆಯಿಂದ ರಾಗಿ ಹೋಯಿತೋ ಇಲ್ಲವೋ, ಬಿಸ್ಕತ್ತು, ಬ್ರೆಡ್ಡು, ಸಿಹಿ ಪಾನೀಯವಂತೂ ಹೋಗಿಯೇ ಹೋಗುತ್ತವೆ, ತರಕಾರಿ ಹೆಚ್ಚುತ್ತದೆ. ಲಾಭದ ಬಹುಭಾಗ ಬಂದದ್ದು ಇದರಿಂದಲೇ ಎಂದು ಭಾವಿಸಲು ಕಾರಣಗಳಿವೆ. ಇದಕ್ಕೆ ಒಳ್ಳೆಯ ನಿದರ್ಶನ ಪಪುವಾ ನ್ಯೂಗಿನಿಯ ಕಿಟಾವಾ ದ್ವೀಪ. 2007ರ ಪರೀಕ್ಷೆ ನಡೆಸಿದ ಸ್ಟಾಫನ್ ಲಿಂಡೆಬರ್ಗ್ ಅವರೇ ಅಲ್ಲಿನ ಜನರನ್ನು ಅಧ್ಯಯನ ಮಾಡಿ, ಅವರಲ್ಲಿ ಪಾರ್ಶ್ವವಾಯು ಮತ್ತು ಹೃದಯಾಘಾತ ಇಲ್ಲವೆಂಬಷ್ಟು ಅಪರೂಪ ಎಂದು ದಾಖಲಿಸಿದರು. ಆ ಜನರ ಮುಖ್ಯ ಆಹಾರ ಗೆಣಸು, ಕೆಸುವಿನ ಗೆಡ್ಡೆ, ಹಣ್ಣು, ತೆಂಗು, ಮೀನು. ಅವರ ಶಕ್ತಿಯ ಮೂರರಲ್ಲಿ ಎರಡು ಪಾಲು ಪಿಷ್ಟದ ಆಹಾರದಿಂದಲೇ ಬರುತ್ತಿತ್ತು; ಅಂದರೆ ಪಿಷ್ಟವೊಂದೇ ಅಪರಾಧಿಯಲ್ಲ.

ಸಸ್ಯಾಹಾರಿಯ ಲೆಕ್ಕ

ಮೊಟ್ಟೆ, ಮೀನು, ಮಾಂಸ ತಿನ್ನದ ಮನೆಯಲ್ಲಿ ಕಟ್ಟುನಿಟ್ಟಿನ ಪೇಲಿಯೊ ಎಂಥ ಇಕ್ಕಟ್ಟಿಗೆ ಸಿಕ್ಕುತ್ತದೆ ಎಂಬುದು ಸರಳ ಲೆಕ್ಕದಿಂದ ತಿಳಿಯುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕರಿಗೆ ದೇಹದ ತೂಕದ ಪ್ರತಿ ಕಿಲೋಗೆ 0.83 ಗ್ರಾಂ ಪ್ರೋಟೀನ್ ಬೇಕು, ಅಂದರೆ 60 ಕಿಲೋ ತೂಕದವರಿಗೆ ದಿನಕ್ಕೆ ಸುಮಾರು 50 ಗ್ರಾಂ. ಬೇಳೆ, ಕಾಳು, ಶೇಂಗಾ, ಹಾಲು, ಮೊಸರು, ಧಾನ್ಯ ಎಲ್ಲವೂ ಹೊರಗಾದ ಮೇಲೆ ಉಳಿಯುವುದು ಬಾದಾಮಿ, ಗೋಡಂಬಿ, ಎಳ್ಳಿನಂಥ ಬೀಜಗಳು. ನೂರು ಗ್ರಾಂ ಬಾದಾಮಿಯಲ್ಲಿ ಸುಮಾರು 20 ಗ್ರಾಂ ಪ್ರೋಟೀನ್ ಇದ್ದು ಅದರೊಂದಿಗೆ 600 ಕಿಲೋ ಕ್ಯಾಲೊರಿ ಬರುವುದರಿಂದ, 50 ಗ್ರಾಂ ಪ್ರೋಟೀನಿಗಾಗಿ ದಿನಕ್ಕೆ ಕಾಲು ಕಿಲೋ ಬಾದಾಮಿ ತಿಂದು 1,500 ಕಿಲೋ ಕ್ಯಾಲೊರಿ ಒಳಗೆ ಸೇರಿಸಿಕೊಳ್ಳಬೇಕಾಗುತ್ತದೆ. ಅದರ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ. ನೂರು ಗ್ರಾಂ ಹುರುಳಿಯಲ್ಲಿ ಇದಕ್ಕಿಂತ ಕಡಿಮೆಯಿಲ್ಲದ, ಸುಮಾರು 22 ಗ್ರಾಂ ಪ್ರೋಟೀನ್ ಇದೆ.

ಸುಣ್ಣಾಂಶದ ಲೆಕ್ಕವೂ ಹೀಗೆಯೇ. ವಯಸ್ಕರಿಗೆ ದಿನಕ್ಕೆ 1,000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂದು ಅದೇ ಶಿಫಾರಸು ಹೇಳುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದ ಪ್ರಕಾರ ನೂರು ಗ್ರಾಂ ರಾಗಿಯಲ್ಲಿ 364 ಮಿಲಿಗ್ರಾಂ ಇದೆ. ಹಾಲು, ಮೊಸರು ಇನ್ನೊಂದು ದೊಡ್ಡ ಆಕರ. ಎರಡನ್ನೂ ಬಿಡುವವರು ಎಳ್ಳು, ನುಗ್ಗೆಸೊಪ್ಪು, ಮುಳ್ಳುಸಹಿತ ತಿನ್ನುವ ಸಣ್ಣ ಮೀನುಗಳಿಂದ ಕೊರತೆಯನ್ನು ತುಂಬಿಕೊಳ್ಳುವುದು ಅನಿವಾರ್ಯವಾಗುತ್ತದೆ. ಕರಾವಳಿಯ ಮನೆಗಳಿಗೆ ಭೂತಾಯಿ, ಬಂಗುಡೆಗಳು ಅಗ್ಗದಲ್ಲಿ ಸಿಗುವ ಉತ್ತಮ ಆಹಾರವಾದ್ದರಿಂದ ಅಲ್ಲಿ ಪೇಲಿಯೊ ಅಷ್ಟೇನೂ ಕಷ್ಟವಲ್ಲ. ಆದರೆ ಪಡಿತರ ಅಂಗಡಿಯ ಅಕ್ಕಿ, ರಾಗಿ, ಜೋಳವನ್ನೇ ನೆಚ್ಚಿದ ಬಯಲುಸೀಮೆಯ ಕುಟುಂಬಕ್ಕೆ ಆ ಪಥ್ಯವನ್ನು ಸೂಚಿಸುವುದು ಸಲಹೆಯೇ ಅಲ್ಲ.

ಬೇಳೆಕಾಳಿನ ವಿರುದ್ಧ ಪೇಲಿಯೊ ಪ್ರತಿಪಾದಕರು ಮುಂದಿಡುವ ಆಕ್ಷೇಪ ಎರಡು. ಮೊದಲನೆಯದು ಲೆಕ್ಟಿನ್, ಅಂದರೆ ಕರುಳಿನ ಒಳಪೊರೆಗೆ ಅಂಟಿಕೊಂಡು ತೊಂದರೆ ಕೊಡಬಲ್ಲ ಪ್ರೋಟೀನುಗಳ ಗುಂಪು. ಎರಡನೆಯದು ಫೈಟೇಟ್, ಅಂದರೆ ಕಬ್ಬಿಣ ಮತ್ತು ಸತುವನ್ನು ಹಿಡಿದಿಟ್ಟುಕೊಂಡು ದೇಹಕ್ಕೆ ದಕ್ಕದಂತೆ ಮಾಡುವ ಸಂಯುಕ್ತ. ಎರಡೂ ಹಸಿ ಕಾಳಿನಲ್ಲಿ ಇರುವುದು ನಿಜ, ಸರಿಯಾಗಿ ಬೇಯಿಸದ ರಾಜ್ಮಾ ತಿಂದು ವಾಂತಿಭೇದಿ ಆಗುವುದೂ ನಿಜ. ಆದರೆ ಕಾಳನ್ನು ಸಾಮಾನ್ಯವಾಗಿ ಯಾರೂ ಹಾಗೆಯೇ ತಿನ್ನುವುದಿಲ್ಲ. ರಾತ್ರಿ ನೆನೆಸಿ ನೀರು ಚೆಲ್ಲುವುದು, ಮೊಳಕೆ ಕಟ್ಟುವುದು, ಕುಕ್ಕರಿನಲ್ಲಿ ಮೆತ್ತಗೆ ಬೇಯಿಸುವುದು, ಉದ್ದು ಮತ್ತು ಅಕ್ಕಿಯನ್ನು ರುಬ್ಬಿ ಹುದುಗು ಬರಿಸುವುದು ಇವೆಲ್ಲವೂ ಈ ಎರಡು ದೋಷಗಳನ್ನು ತಗ್ಗಿಸುವ ಉಪಾಯಗಳೇ. ಬೆಂದ ಕಾಳಿನಲ್ಲಿ ಲೆಕ್ಟಿನ್ ಬಹುಮಟ್ಟಿಗೆ ನಾಶವಾಗಿರುತ್ತದೆ, ಮೊಳಕೆ ಮತ್ತು ಹುದುಗಿನಲ್ಲಿ ಫೈಟೇಟ್ ಕಡಿಮೆಯಾಗುತ್ತದೆ. ಕೋಸಂಬರಿಗೆ, ಮೊಳಕೆಕಾಳಿಗೆ ಹಿಂಡುವ ನಿಂಬೆಹಣ್ಣಿನ ‘ಸಿ’ ಜೀವಸತ್ವವು ಸಸ್ಯಮೂಲದ ಕಬ್ಬಿಣ ರಕ್ತಕ್ಕೆ ಸೇರಲು ನೆರವಾಗುತ್ತದೆ.

‘ಕ್ಲೀನ್’ ಎಂಬ ಮಾತು

ಕ್ಲೀನ್ ಈಟಿಂಗ್‌ಗೆ ಪೇಲಿಯೊಗಿರುವಂಥ ಒಂದೇ ಮೂಲಗ್ರಂಥವಾಗಲಿ, ಸರ್ವಸಮ್ಮತ ವ್ಯಾಖ್ಯೆಯಾಗಲಿ ಇಲ್ಲ. ಕೆನಡಾದ ಟೋಸ್ಕಾ ರೆನೊ ಅವರು 2000ರ ದಶಕದ ನಡುವಿನಲ್ಲಿ ಬರೆದ ಪುಸ್ತಕಗಳಿಂದ ಆ ಹೆಸರು ಜನಪ್ರಿಯವಾಯಿತು. ಆಮೇಲೆ ಪ್ರತಿಯೊಬ್ಬರೂ ತಮ್ಮ ಇಷ್ಟದ ನಿಯಮಗಳನ್ನು ಅದಕ್ಕೆ ಸೇರಿಸುತ್ತ ಹೋದರು. ಕೆಲವರು ಗೋದಿಯಲ್ಲಿರುವ ಗ್ಲುಟನ್ ಎಂಬ ಅಂಟು ಪ್ರೋಟೀನನ್ನು ಬಿಡಿಸಿದರು, ಸೀಲಿಯಾಕ್ ಎಂಬ ಕರುಳಿನ ಕಾಯಿಲೆಯವರಿಗೆ ಅದು ಕಡ್ಡಾಯವೇ ಹೊರತು ಎಲ್ಲರಿಗೂ ಅಲ್ಲ. ಇನ್ನು ಕೆಲವರು ಹಣ್ಣಿನ ರಸದ ಮೇಲೆ ದಿನಗಟ್ಟಲೆ ಇದ್ದು ದೇಹದ ವಿಷ ತೆಗೆಯುವುದಾಗಿ ಹೇಳಿದರು, ಆ ಕೆಲಸವನ್ನು ಯಕೃತ್ತು ಮತ್ತು ಮೂತ್ರಪಿಂಡಗಳು ಬಿಡುವಿಲ್ಲದೆ ಮಾಡುತ್ತಲೇ ಇವೆ. ವ್ಯಾಖ್ಯೆಯಿಲ್ಲದ ಪಥ್ಯವನ್ನು ಪರೀಕ್ಷೆಗೆ ಒಡ್ಡಲಾಗದು. ಆದರೆ ಅದರ ನಡುವಣ ತಿರುಳಾದ ‘ಸಂಸ್ಕರಣೆ ಕಡಿಮೆಯಿರಲಿ’ ಎಂಬ ಮಾತು ಪರೀಕ್ಷೆಗೆ ಒಳಗಾಗಿದೆ, ಅದರಲ್ಲಿ ತೇರ್ಗಡೆಯೂ ಆಗಿದೆ.

ಬ್ರೆಜಿಲ್ಲಿನ ಸಾವೊ ಪಾಲೊ ವಿಶ್ವವಿದ್ಯಾಲಯದ ಕಾರ್ಲೋಸ್ ಮೊಂಟೇರೊ ಮತ್ತು ಸಂಗಡಿಗರು 2009ರಿಂದ ಬೆಳೆಸಿದ ‘ನೋವಾ’ ವರ್ಗೀಕರಣವು ಆಹಾರವನ್ನು ನಾಲ್ಕು ಗುಂಪು ಮಾಡುತ್ತದೆ. ಕಾಳು, ಸೊಪ್ಪು, ಹಾಲು, ಮೊಟ್ಟೆ, ಮೀನಿನಂತೆ ಹೆಚ್ಚು ಬದಲಾಗದವು ಮೊದಲನೆಯದರಲ್ಲಿ ಬರುತ್ತವೆ. ಎಣ್ಣೆ, ತುಪ್ಪ, ಉಪ್ಪು, ಬೆಲ್ಲ, ಸಕ್ಕರೆಯಂಥ ಅಡುಗೆಯ ಸಾಮಗ್ರಿಗಳು ಎರಡನೆಯದರಲ್ಲಿ. ಉಪ್ಪಿನಕಾಯಿ, ಪನೀರಿನಂತೆ ಮೊದಲೆರಡು ಗುಂಪು ಸೇರಿ ಆದವು ಮೂರನೆಯದರಲ್ಲಿ. ನಾಲ್ಕನೆಯದಾದ ಅತಿಸಂಸ್ಕರಿತ ಗುಂಪಿನಲ್ಲಿ ಮನೆಯ ಅಡುಗೆಕೋಣೆಯಲ್ಲಿ ಎಂದೂ ಕಾಣದ ಗ್ಲೂಕೋಸ್ ಸಿರಪ್, ಮಾಲ್ಟೊಡೆಕ್ಸ್‌ಟ್ರಿನ್, ಕೃತಕ ಪರಿಮಳ, ಬಣ್ಣ, ಎಮಲ್ಸಿಫೈಯರ್ ಇತ್ಯಾದಿಗಳಿಂದ ಕೂಡಿದ ಬಿಸ್ಕತ್ತು, ಚಿಪ್ಸ್, ಇನ್‌ಸ್ಟಂಟ್ ನೂಡಲ್ಸ್, ತಂಪು ಪಾನೀಯಗಳು ಬರುತ್ತವೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್ ಹಾಲ್ ಮತ್ತು ಸಂಗಡಿಗರು 20 ವಯಸ್ಕರನ್ನು ಒಂದು ತಿಂಗಳು ಸಂಸ್ಥೆಯಲ್ಲೇ ಇರಿಸಿಕೊಂಡು ಎರಡು ವಾರ ಅತಿಸಂಸ್ಕರಿತ ಆಹಾರ, ಎರಡು ವಾರ ಅಷ್ಟಾಗಿ ಸಂಸ್ಕರಿಸದ ಆಹಾರ ಕೊಟ್ಟರು. ಬಡಿಸಿದ ಸಕ್ಕರೆ, ಕೊಬ್ಬು, ನಾರಿನ ಪ್ರಮಾಣ ಎರಡರಲ್ಲೂ ಸಮನಾಗಿತ್ತು, ಬೇಕಾದಷ್ಟು ತಿನ್ನುವ ಸ್ವಾತಂತ್ರ್ಯವಿತ್ತು. ಆದರೂ ಅತಿಸಂಸ್ಕರಿತ ಆಹಾರದ ದಿನಗಳಲ್ಲಿ ಅವರು ದಿನಕ್ಕೆ ಸುಮಾರು 500 ಕಿಲೋ ಕ್ಯಾಲೊರಿ ಹೆಚ್ಚು ತಿಂದು, ಎರಡೇ ವಾರದಲ್ಲಿ ಸರಾಸರಿ 0.9 ಕಿಲೋ ತೂಕ ಹೆಚ್ಚಿಸಿಕೊಂಡರು. ಇನ್ನೊಂದು ಆಹಾರದಲ್ಲಿ ಅಷ್ಟೇ ತೂಕ ಇಳಿಯಿತು. 2019ರಲ್ಲಿ ಪ್ರಕಟವಾದ ಈ ಫಲಿತಾಂಶವೇ ಕ್ಲೀನ್ ಈಟಿಂಗ್‌ನ ಬೆನ್ನಿಗಿರುವ ಬಲವಾದ ಆಧಾರ.

ಈ ಕ್ರಮದ ದೌರ್ಬಲ್ಯವಿರುವುದು ಅದರ ಹೆಸರಿನಲ್ಲಿ. ಒಂದು ಊಟವನ್ನು ಶುದ್ಧ ಎಂದೊಡನೆ ಮತ್ತೊಂದು ಅಶುದ್ಧವಾಗುತ್ತದೆ, ಅದನ್ನು ತಿಂದವರೂ ಅಶುದ್ಧರಾಗುತ್ತಾರೆ. ಮಡಿ ಮೈಲಿಗೆಗಳ ಹೆಸರಿನಲ್ಲಿ ಊಟದ ಪಂಕ್ತಿಯನ್ನೇ ಒಡೆದ ಸಮಾಜಕ್ಕೆ ಆ ಮಾತಿನ ಅಪಾಯ ಪಶ್ಚಿಮದ ದೇಶಗಳಿಗಿಂತ ಚೆನ್ನಾಗಿ ಗೊತ್ತಿರಬೇಕು. ಆದ್ದರಿಂದ ಕನ್ನಡದಲ್ಲಿ ಇದನ್ನು ‘ಶುದ್ಧ ಆಹಾರ’ ಎಂದು ಕರೆಯದೆ ‘ಕಡಿಮೆ ಸಂಸ್ಕರಿತ ಆಹಾರ’ ಎನ್ನುವುದೇ ಸರಿ. ವ್ಯಕ್ತಿಯ ಮಟ್ಟದಲ್ಲೂ ಅಪಾಯವಿದೆ. ಸರಿಯಾದುದನ್ನೇ ತಿನ್ನಬೇಕೆಂಬ ಗೀಳು ಬೆಳೆದು, ನೆಂಟರ ಮನೆಯಲ್ಲಿ ಉಣ್ಣಲಾರದೆ, ಹಬ್ಬದಲ್ಲಿ ಕೂರಲಾರದೆ, ತೂಕ ಇಳಿದರೂ ಪಟ್ಟಿಯಿಂದ ಇನ್ನೊಂದು ಪದಾರ್ಥವನ್ನು ಅಳಿಸುತ್ತ ಹೋಗುವ ಸ್ಥಿತಿಗೆ ಅಮೆರಿಕದ ವೈದ್ಯ ಸ್ಟೀವನ್ ಬ್ರಾಟ್‌ಮನ್ 1997ರಲ್ಲಿ ‘ಆರ್ಥೊರೆಕ್ಸಿಯಾ’ ಎಂದು ಹೆಸರಿಟ್ಟರು. ಹದಿಹರೆಯದ ಮಕ್ಕಳಿರುವ ಮನೆಗಳಲ್ಲಿ ಇದನ್ನು ಗಮನಿಸಬೇಕಾದುದು ಬಹಳ ಅಗತ್ಯ.

ಅಡುಗೆಮನೆಯಲ್ಲಿ ಮಾಡಬಹುದಾದುದು

ಎರಡರಲ್ಲಿ ಒಂದನ್ನು ಆರಿಸಬೇಕಾದರೆ, ಈ ನಾಡಿನ ಬಹುಪಾಲು ಮನೆಗಳಿಗೆ ಸಂಸ್ಕರಣೆಯ ಪ್ರಶ್ನೆಯೇ ಉಪಯುಕ್ತವಾದುದು, ಶಿಲಾಯುಗದ ಪ್ರಶ್ನೆಯಲ್ಲ. ಆದರೆ ಪೇಲಿಯೊದಿಂದ ಒಂದು ಪಾಠವನ್ನು ಅಗತ್ಯವಾಗಿ ತೆಗೆದುಕೊಳ್ಳಬೇಕು: ತಟ್ಟೆಯಲ್ಲಿ ಧಾನ್ಯದ ಪಾಲು ಇಳಿಯಬೇಕು. ರಾಷ್ಟ್ರೀಯ ಪೋಷಣಾ ಸಂಸ್ಥೆಯು 2024ರ ಮಾರ್ಗಸೂಚಿಯಲ್ಲಿ 2,000 ಕಿಲೋ ಕ್ಯಾಲೊರಿಯ ಒಂದು ದಿನಕ್ಕೆ 250 ಗ್ರಾಂ ಧಾನ್ಯ, 85 ಗ್ರಾಂ ಬೇಳೆಕಾಳು, 300 ಮಿಲಿಲೀಟರ್ ಹಾಲು ಅಥವಾ ಮೊಸರು, ಸೊಪ್ಪೂ ಸೇರಿ 400 ಗ್ರಾಂ ತರಕಾರಿ, 100 ಗ್ರಾಂ ಹಣ್ಣು, 35 ಗ್ರಾಂ ಬೀಜಗಳು, 27 ಗ್ರಾಂ ಎಣ್ಣೆಯನ್ನು ಸೂಚಿಸಿದೆ. ಧಾನ್ಯ, ಬೇಳೆಗಳ ತೂಕವನ್ನು ಬೇಯಿಸುವ ಮೊದಲು ನೋಡಬೇಕು. ದಿನಕ್ಕೆ ಮೂರು ಹೊತ್ತು ಸೇರಿ 250 ಗ್ರಾಂ ಎಂದರೆ ಅನ್ನವೇ ಪ್ರಧಾನವಾದ ಮನೆಗಳಲ್ಲಿ ಈಗ ತಿನ್ನುವುದಕ್ಕಿಂತ ಸಾಕಷ್ಟು ಕಡಿಮೆ. ಹಾಗಾಗಿ ಅಳೆಯುವ ಲೋಟವನ್ನು ಚಿಕ್ಕದು ಮಾಡಿಕೊಂಡು, ಸಾರಿನ ನೀರಿನ ಭಾಗವಲ್ಲದೆ ಬೇಳೆ ಕಾಳಿನ ಗಟ್ಟಿ ಭಾಗವನ್ನೂ ಬಡಿಸಿ, ಪಲ್ಯವನ್ನು ನೆಂಚಿಕೊಳ್ಳುವ ಚಮಚದಿಂದ ಉಣ್ಣುವ ಬಟ್ಟಲಿಗೆ ಏರಿಸಿದರೆ ಪೇಲಿಯೊ ಹೇಳುವ ಲಾಭದ ಬಹುಭಾಗ ಪೇಲಿಯೊ ಇಲ್ಲದೆಯೇ ದೊರೆಯುತ್ತದೆ.

ಹಳೆ ಮೈಸೂರಿನ ಬಸ್ಸಾರು ಮುದ್ದೆಯಲ್ಲಿ ಸೊಪ್ಪು, ಕಾಳು, ಧಾನ್ಯ ಮೂರೂ ಇವೆ; ಮುದ್ದೆಯ ಗಾತ್ರ ಇಳಿದು ಪಲ್ಯದ ಗಾತ್ರ ಏರಿದರೆ ಸಾಕು. ರಾಗಿಯೆಂದ ಮಾತ್ರಕ್ಕೆ ಅಳತೆ ಬೇಡವೆಂಬ ನಂಬಿಕೆ ತಪ್ಪು, ನುಣ್ಣಗೆ ಬೀಸಿದ ಹಿಟ್ಟು ಯಾವ ಧಾನ್ಯದ್ದಾದರೂ ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆ. ಉತ್ತರ ಕರ್ನಾಟಕದ ಜೋಳದ ರೊಟ್ಟಿ, ಪುಂಡಿಪಲ್ಯ, ಹಸಿ ಮೆಂತ್ಯ, ಸೌತೆ, ಮೊಳಕೆಕಾಳಿನ ಪಲ್ಯ, ಅಗಸೆ ಮತ್ತು ಗುರೆಳ್ಳು ಚಟ್ನಿಪುಡಿಯ ಊಟವು ಎರಡು ರೊಟ್ಟಿಗೆ ನಿಂತರೆ ಯಾವ ಹೊರಗಿನ ಪಥ್ಯಕ್ಕೂ ಕಡಿಮೆಯಿಲ್ಲ. ಕರಾವಳಿಯವರು ಕುಚ್ಚಲಕ್ಕಿ ಗಂಜಿಗೆ ಮೀನನ್ನು ಕರಿಯದೆ ಸಾರು ಮಾಡಿಕೊಳ್ಳಬಹುದು.

ಅಂಗಡಿಯಲ್ಲಿ ನೋಡಬೇಕಾದುದು ಪೊಟ್ಟಣದ ಮುಂಭಾಗವನ್ನಲ್ಲ, ಹಿಂಭಾಗವನ್ನು. ಸಾಮಗ್ರಿಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಮುದ್ರಿಸಬೇಕೆಂಬ ನಿಯಮ ಇರುವುದರಿಂದ, ‘ರಾಗಿ’ ಎಂದು ದೊಡ್ಡದಾಗಿ ಬರೆದ ಬಿಸ್ಕತ್ತಿನ ಪಟ್ಟಿಯಲ್ಲಿ ಮೈದಾ ಮತ್ತು ಸಕ್ಕರೆ ಮೊದಲು ಬಂದು ರಾಗಿ ನಾಲ್ಕನೆಯದಾಗಿದ್ದರೆ ಅದು ರಾಗಿ ಬಿಸ್ಕತ್ತಲ್ಲ. ಸೋಡಿಯಂ ಪ್ರಮಾಣವನ್ನು ಓದುವಾಗ 2,000 ಮಿಲಿಗ್ರಾಂ ಸೋಡಿಯಂ 5 ಗ್ರಾಂ ಉಪ್ಪಿಗೆ ಸಮ, ಅದೇ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಇಡೀ ದಿನದ ಮಿತಿ ಎಂಬುದು ನೆನಪಿರಬೇಕು. ಸಿಹಿಯ ವಿಷಯದಲ್ಲಿ ಪೇಲಿಯೊದವರು ಜೇನುತುಪ್ಪಕ್ಕೆ, ಕ್ಲೀನ್ ಈಟಿಂಗ್‌ನವರು ಬೆಲ್ಲಕ್ಕೆ ವಿನಾಯಿತಿ ಕೊಡುತ್ತಾರೆ. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಎರಡೂ ಮಿತಿಯೊಳಗಿಡಬೇಕಾದ ‘ಮುಕ್ತ ಸಕ್ಕರೆ’ಯೇ. ಎಲ್ಲ ಬಗೆಯದೂ ಸೇರಿ ದಿನದ ಶಕ್ತಿಯ ಶೇ. 10ನ್ನು, ಅಂದರೆ 2,000 ಕಿಲೋ ಕ್ಯಾಲೊರಿಗೆ 50 ಗ್ರಾಮನ್ನು ಮೀರಬಾರದು, ಅದರ ಅರ್ಧಕ್ಕೆ ಇಳಿದರೆ ಇನ್ನೂ ಒಳ್ಳೆಯದು.

ಗರ್ಭಿಣಿಯರು, ಬೆಳೆಯುವ ಮಕ್ಕಳು, ಮೂತ್ರಪಿಂಡದ ಕಾಯಿಲೆಯವರು ಪೇಲಿಯೊ ಪಥ್ಯವನ್ನು ಸ್ವಂತ ನಿರ್ಧಾರದಿಂದ ಹಿಡಿಯಬಾರದು. ಮಧುಮೇಹಕ್ಕೆ ಇನ್ಸುಲಿನ್ ಚುಚ್ಚಿಕೊಳ್ಳುವವರು, ಗ್ಲಿಮೆಪಿರೈಡ್, ಗ್ಲಿಕ್ಲಜೈಡ್‌ನಂಥ ಮಾತ್ರೆ ನುಂಗುವವರು ಔಷಧಿಯ ಪ್ರಮಾಣ ಬದಲಿಸದೆ ಒಮ್ಮೆಲೇ ಅನ್ನ, ಮುದ್ದೆ ಬಿಟ್ಟರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿದು ಬೆವರು, ನಡುಕ, ಮಂಕು, ಕೊನೆಗೆ ಪ್ರಜ್ಞೆ ತಪ್ಪುವವರೆಗೂ ಹೋಗಬಹುದು; ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ತೆಗೆದುಕೊಳ್ಳುವವರು ಶರ್ಕರಪಿಷ್ಟವನ್ನು ತೀರ ಇಳಿಸಿದರೆ ರಕ್ತದಲ್ಲಿ ಕೀಟೋನ್ ಎಂಬ ಆಮ್ಲಗಳು ಅಪಾಯಕರವಾಗಿ ಏರುವ ಸಂಭವವಿದೆ. ಈ ಔಷಧಿಗಳಲ್ಲಿ ಒಂದಾದರೂ ಮನೆಯಲ್ಲಿದ್ದರೆ, ತಟ್ಟೆಯನ್ನು ಬದಲಿಸುವ ಮೊದಲು ಔಷಧಿ ಚೀಟಿಯನ್ನು ವೈದ್ಯರಿಗೆ ತೋರಿಸಿ, ಪ್ರಮಾಣವನ್ನು ಎಷ್ಟು ಇಳಿಸಬೇಕೆಂದು ಬರೆಸಿಕೊಂಡು ಬರಬೇಕು.